ವಾಷಿಂಗ್ಟನ್‌ಗೆ ಹೋದವರು ಈ ಚಿತ್ರಗಳನ್ನೂ ನೋಡಿ ಬನ್ನಿ

ಮಾನ್ಯ ಸಂಪಾದಕರೇ,

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮಂಥ ಅಪ್ಪ ಅಮ್ಮಂದಿರು ವಾಷಿಂಗ್ಟನ್‌ನಲ್ಲಿ ಶ್ವೇತಭವನ, ಲಿಂಕನ್ ಸ್ಮಾರಕ ನೋಡಿ, ಫೋಟೊ ತೆಗೆಸಿಕೊಂಡು ಬರುತ್ತೇವೆ. ನಾನೂ ಅಷ್ಟನ್ನೇ ನೋಡಿ ಬರುವವಳಿದ್ದೆ. ಕೊನೆಯ ದಿನ ಮಗಳು ಫಿಲಿಪ್ಸ್ ಕಲೆಕ್ಷನ್ ಎಂಬ ಕಲಾ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಕಂಡದ್ದನ್ನು ನಿಮ್ಮ ಓದುಗರಿಗೆ ಹೇಳಲೇಬೇಕು ಅನಿಸಿ ಬರೆಯುತ್ತಿದ್ದೇನೆ.

ಜೇಕಬ್ ಲಾರೆನ್ಸ್ ಎಂಬ ಕಪ್ಪು ಕಲಾವಿದರು 1940–41ರಲ್ಲಿ ಬಿಡಿಸಿದ ಚಿತ್ರಗಳವು. ಆಗ ಅವರಿಗೆ ಬರೀ 23 ವರ್ಷ. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನ ಲಕ್ಷಗಟ್ಟಲೆ ಊರು ಬಿಟ್ಟು ಷಿಕಾಗೊ, ನ್ಯೂಯಾರ್ಕ್ ಕಡೆಗೆ ರೈಲು ಹತ್ತಿದ ಕತೆ. ಒಟ್ಟು 60 ಚಿತ್ರ, ಒಂದೊಂದೂ ಒಂದೂವರೆ ಅಡಿಯಷ್ಟೇ. ಅರವತ್ತನ್ನೂ ಒಟ್ಟಿಗೆ ಇಟ್ಟುಕೊಂಡು, ಒಂದು ಬಣ್ಣವನ್ನು ಎಲ್ಲದಕ್ಕೂ ಹಚ್ಚಿ ಆಮೇಲೆ ಇನ್ನೊಂದನ್ನು ಹಚ್ಚಿದರಂತೆ. ಅದಕ್ಕೇ ಮೊದಲ ಚಿತ್ರದಲ್ಲಿ ಕಂಡ ಹಳದಿ ಕೊನೆಯವರೆಗೂ ಅದೇ ಹಳದಿ.

15ನೆಯ ಚಿತ್ರದ ಮುಂದಿನಿಂದ ನನಗೆ ಕಾಲು ಕೀಳಲಾಗಲಿಲ್ಲ. ಒಂದು ಬೋಳು ಕೊಂಬೆ. ಅದಕ್ಕೆ ನೇತುಬಿದ್ದ ನೇಣಿನ ಕುಣಿಕೆ. ಕೆಳಗೆ ಮುದುಡಿ ಕೂತ ಒಂದು ಜೀವ. ಅಷ್ಟೇ. ಬಿಳಿಯರ ಗುಂಪು ಕಪ್ಪು ಜನರನ್ನು ಹಿಡಿದು ನೇಣಿಗೆ ಹಾಕುತ್ತಿದ್ದ ಕಾಲ ಅದು. ಚಿತ್ರದಲ್ಲಿ ಹೆಣ ಇಲ್ಲ, ಕೊಂದ ಗುಂಪೂ ಇಲ್ಲ. ಹೊರಡಲು ಹಿಂದೆಮುಂದೆ ನೋಡುತ್ತಿದ್ದವರು ಕೂಡ ಊರಲ್ಲಿ ಇಂಥದ್ದೊಂದು ಕೊಲೆ ಆದ ಮೇಲೆ ತಕ್ಷಣ ಹೊರಟುಬಿಡುತ್ತಿದ್ದರು ಎಂದು ಜೊತೆಗಿನ ಬರಹ ಹೇಳುತ್ತದೆ. ಸತ್ತವರನ್ನು ಬಿಟ್ಟು ಉಳಿದವರನ್ನು ತೋರಿಸಿದ್ದಾರಲ್ಲ, ಅದು ಇನ್ನೂ ನನ್ನ ಕಣ್ಣ ಮುಂದಿದೆ.

49ನೆಯದು ಉತ್ತರದ ಊರಿನ ಊಟದ ಹೋಟೆಲು. ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಕಪ್ಪು ಜನ, ನಡುವೆ ಹಳದಿ ಅಡ್ಡಗಟ್ಟು. ಅಷ್ಟು ದೂರ ಬಂದರೂ ತಪ್ಪಲಿಲ್ಲ. ಹೋಟೆಲಿನಲ್ಲಿ ಕೆಲವರಿಗೆ ಮಾತ್ರ ಬೇರೆ ಲೋಟ ಇಡುತ್ತಿದ್ದುದನ್ನು ಚಿಕ್ಕವಳಿದ್ದಾಗ ನೋಡಿದವಳು ನಾನು. ಆ ಚಿತ್ರವನ್ನು ಯಾರೂ ವಿವರಿಸಬೇಕಾಗಲಿಲ್ಲ.

ನಮ್ಮ ಮಕ್ಕಳು ಜಾಸ್ತಿ ಸಂಖ್ಯೆಯಲ್ಲಿ ಆ ದೇಶಕ್ಕೆ ಹೋಗಲು ದಾರಿಯಾದದ್ದು, ಹುಟ್ಟಿದ ದೇಶ ನೋಡಿ ಜನರನ್ನು ತಡೆಯುತ್ತಿದ್ದ ಹಳೆಯ ನಿಯಮವನ್ನು ತೆಗೆದ 1965ರ ವಲಸೆ ಕಾಯ್ದೆಯಿಂದ. ಕಪ್ಪು ಜನ ನಾಗರಿಕ ಹಕ್ಕುಗಳಿಗಾಗಿ ಬೀದಿಗೆ ಇಳಿಯದೇ ಇದ್ದಿದ್ದರೆ ಅದು ಆಗ ಬರುತ್ತಿತ್ತೇ? ಈ ನಂಟು ನಮ್ಮ ಮನೆಗಳಲ್ಲಿ ಮಾತಿಗೇ ಬರುವುದಿಲ್ಲ. ಮೊಮ್ಮಕ್ಕಳಿಗಂತೂ ಗೊತ್ತಿರಬೇಕು, ಅಲ್ವಾ?

ಬೆಸ ಸಂಖ್ಯೆಯ 30 ಚಿತ್ರ ಫಿಲಿಪ್ಸ್‌ನಲ್ಲಿವೆ. ಸಮ ಸಂಖ್ಯೆಯ 30 ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿವೆ. ಎಲ್ಲವನ್ನೂ ಸದಾ ಗೋಡೆಗೆ ಹಾಕಿರುವುದಿಲ್ಲ. ಹೋಗುವ ಮುನ್ನ ವಿಚಾರಿಸಿಕೊಳ್ಳಿ, ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ