ರಾಗಿ ಡ್ರಮ್ಮಿನಲ್ಲಿದ್ದ ಪುಸ್ತಕ

ಚಿನ್ನೂ,

ಹಬ್ಬ ಕಳೆದು ಹತ್ತು ದಿನ ಆಯ್ತು. ಫೋನ್ ಎತ್ತುತ್ತೀಯ, 'ಊಟ ಆಯ್ತು, ಮೀಟಿಂಗ್ ಇದೆ' ಅಂತೀಯ, ಇಡ್ತೀಯ. ನಿಮ್ಮಪ್ಪನ ಹತ್ತಿರ ಮಾತ್ರ ಐದು ನಿಮಿಷ ಕೊಬ್ಬರಿ ರೇಟು ಕೇಳ್ತೀಯ. ನಿನಗೆ ಯಾವತ್ತಿಂದ ಕೊಬ್ಬರಿ ರೇಟಿನ ಮೇಲೆ ಇಷ್ಟು ಅಕ್ಕರೆ ಬಂತೋ ಗೊತ್ತಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀಲಿ ಗೀಟು ಬೀಳುತ್ತೆ, ಉತ್ತರ ಬರಲ್ಲ. ಅದಕ್ಕೇ ಕಾಗದ.

ಪಾಡ್ಯದ ದಿನ ನಡುಮನೆಯಲ್ಲಿ ಯಾರು ಏನಂದರು ಅನ್ನೋದನ್ನ ಮತ್ತೆ ಬರೆಯಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ, ಚಿಕ್ಕಮ್ಮನಿಗಂತೂ ಬೀದಿಗೆಲ್ಲ ಹೇಳೋವಷ್ಟು ನೆನಪಿದೆ. ಆದರೆ ಬ್ಯಾಗಿನ ಜಿಪ್ ಎಳೀತಾ ಒಂದು ಮಾತಂದೆಯಲ್ಲ, "ನಾನು ಓದೋದು ಕಂಡ್ರೆ ನಿನಗೆ ಮೊದಲಿಂದಲೂ ಆಗಲ್ಲ" ಅಂತ, ಅದು ಮಾತ್ರ ಇನ್ನೂ ಗಂಟಲಲ್ಲೇ ಇದೆ.

ಮೊದಲು ಸಿಟ್ಟೇ ಬಂತು. ಇಪ್ಪತ್ತೊಂದು ವರ್ಷದಿಂದ ಗ್ರಂಥಾಲಯದ ಬೀಗ ತೆಗೆಯೋಳಿಗೆ ಹೇಳೋ ಮಾತಾ ಇದು? ಮಾರನೇ ದಿನ ಬೀಗ ತೆಗೆದು, ಕಸ ಹೊಡೆದು, ಪೇಪರು ಜೋಡಿಸ್ತಾ ಇದ್ದಾಗ ಸಿಟ್ಟು ಇಳೀತು. ಇಳಿದ ಮೇಲೆ ಹೆದರಿಕೆ ಆಯ್ತು. ಯಾಕಂದ್ರೆ ನೀನು ಬಾಯಿಗೆ ಬಂದದ್ದು ಅಂದೆ, ಅದು ನಿಜ. ಯಾವ ಕಾರಣಕ್ಕೆ ನಿಜ ಅನ್ನೋದು ನಿನಗೆ ಗೊತ್ತಿಲ್ಲ, ಅಷ್ಟೇ.

ಮೊದಲು ನಿನ್ನ ಸವಾಲಿನ ವಿಷಯ ಮುಗಿಸಿಬಿಡ್ತೀನಿ. ವರ್ಷಕ್ಕೆ 52 ಪುಸ್ತಕ. ಜನವರಿಯಲ್ಲಿ ನೀನು ಹೇಳಿದಾಗ ನನಗೆ ಎಷ್ಟು ಹಿಗ್ಗಾಯ್ತು ಅಂದರೆ, ಮಾರನೇ ದಿನ ಗ್ರಂಥಾಲಯಕ್ಕೆ ಬಂದ ಮೇಷ್ಟ್ರಿಗೆ, ಹಾಲಿನ ಡೇರಿಯೋರಿಗೆ, ಪೇಪರ್ ಓದೋಕ್ಕಿಂತ ಹೆಚ್ಚು ನಿದ್ದೆ ಮಾಡೋ ಆ ತಾತನಿಗೂ ಹೇಳಿದೆ. 'ನಮ್ಮ ಹುಡುಗಿ ವಾರಕ್ಕೊಂದು ಓದ್ತಾಳೆ' ಅಂತ. ಇದನ್ನ ನಿನಗೆ ಯಾವತ್ತೂ ಹೇಳಲಿಲ್ಲ. ಹೊಗಳೋದು ನಿನ್ನ ಬೆನ್ನ ಹಿಂದೆ, ಬೈಯೋದು ಮುಖದ ಮುಂದೆ. ನಮ್ಮಮ್ಮನೂ ಹಾಗೇ ಇದ್ದಳು.

ಹಬ್ಬದಲ್ಲಿ ನಿನ್ನ ಫೋನು ನೋಡಿದೆ. ನೋಡಬಾರದಿತ್ತು, ನೀನು ಒಲೆ ಹತ್ತಿರ ಇಟ್ಟಿದ್ದೆ, ಎಣ್ಣೆ ಸಿಡಿಯುತ್ತೆ ಅಂತ ಎತ್ತಿಟ್ಟೆ. ಓದಿದ ಪುಸ್ತಕದ ಲೆಕ್ಕ ಇಡೋ ಆ ಗುಡ್‌ರೀಡ್ಸ್ ಅನ್ನೋದು ತೆರೆದಿತ್ತು. 52ಕ್ಕೆ 40, ಲೆಕ್ಕಕ್ಕಿಂತ 2 ಪುಸ್ತಕ ಹಿಂದಿದ್ದೀರಿ ಅಂತ ತೋರಿಸ್ತಿತ್ತು. ಓದೋರಿಗೆ 'ಹಿಂದಿದ್ದೀರಿ' ಅನ್ನೋಕೆ ಅದ್ಯಾವುದು ಅದು? ನನಗೆ ಅಲ್ಲೇ ಉರಿದದ್ದು. ಆಮೇಲೆ ನೀನು ರಂಗೋಲಿ ಹಾಕ್ತಾ ಕಿವಿಗೆ ಸಿಕ್ಕಿಸಿಕೊಳ್ಳದೆ ಜೋರಾಗೇ ಫೋನಿನಲ್ಲಿ ಒಂದು ಕೇಳೋ ಪುಸ್ತಕ ಹಾಕಿಕೊಂಡೆ. ಹತ್ತು ಗಂಟೆಯ ಪುಸ್ತಕ ಒಂದೂವರೆ ಪಟ್ಟು ವೇಗದಲ್ಲಿ 6 ಗಂಟೆ 40 ನಿಮಿಷಕ್ಕೆ ಮುಗಿಯುತ್ತೆ ಅಂದೆ. ಓದ್ತಿದ್ದ ಹೆಂಗಸಿನ ದನಿ ಅಳೋ ಕಡೆಯಲ್ಲೂ ಓಡ್ತಾ ಇತ್ತು.

ಕೇಳೋದು ಓದಲ್ಲ ಅಂತ ನಾನು ಅಂದದ್ದು ತಪ್ಪು. ಅದನ್ನ ವಾಪಸ್ ತಗೋತೀನಿ. ನಮ್ಮಜ್ಜನಿಗೆ ಅಕ್ಷರ ಬರ್ತಿರಲಿಲ್ಲ, ಗದುಗಿನ ಭಾರತ ಗಮಕಿಗಳಿಂದ ಕೇಳಿ ಕೇಳಿಯೇ ಅರ್ಧ ಬಾಯಿಗೆ ಬಂದಿತ್ತು. ಆದರೆ ಗಮಕಿಗೆ 'ಸ್ವಲ್ಪ ಜೋರಾಗಿ ಓಡಿಸಿ ಸ್ವಾಮಿ, ಹೊಲಕ್ಕೆ ಹೋಗಬೇಕು' ಅಂತ ಅಜ್ಜ ಯಾವತ್ತೂ ಅನ್ನಲಿಲ್ಲ. ಇಷ್ಟೇ ನನ್ನ ತಕರಾರು.

ಲೆಕ್ಕದ ವಿಷಯದಲ್ಲಿ ನಿನಗೆ ಬೈಯೋ ಹಕ್ಕು ನನಗಿಲ್ಲ. ನಾನೂ ಲೆಕ್ಕದವಳೇ. ತಿಂಗಳ ಕೊನೆಗೆ ಎಷ್ಟು ಜನ ಬಂದರು, ಎಷ್ಟು ಪುಸ್ತಕ ಎರವಲು ಹೋಯ್ತು ಅಂತ ವರದಿ ಕಳಿಸಬೇಕು. ಮಳೆಗಾಲದಲ್ಲಿ ನಾಲ್ಕು ಜನ ಬಂದ ದಿನ ಹದಿನಾಲ್ಕು ಅಂತ ಬರೆದದ್ದುಂಟು. ಬೇರೆ ಬೇರೆ ಪೆನ್ನಿನಲ್ಲಿ, ಒಮ್ಮೆ ಎಡಗೈಯಲ್ಲಿ ಸಹಿ ಹಾಕಿದ್ದೂ ಉಂಟು. ಹಾಗಾಗಿ ಗೊತ್ತು ನನಗೆ, ಅಂಕಿ ಒಂದು ಸಲ ಬಾಯಿ ತೆರೀತು ಅಂದರೆ ಅದಕ್ಕೆ ಏನಾದರೂ ಹಾಕ್ತಾನೇ ಇರಬೇಕು. ನಿನ್ನ ಪಟ್ಟಿ ನೋಡಿದೆ. ಜೂನ್‌ವರೆಗೆ ದಪ್ಪ ಪುಸ್ತಕಗಳಿವೆ. ಆಗಸ್ಟಿನಿಂದ ಎಲ್ಲಾ ನೂರು ಪುಟದೊಳಗೆ. 700 ಪುಟದ್ದೂ ಒಂದೇ, 60 ಪುಟದ್ದೂ ಒಂದೇ ಅನ್ನೋ ಲೆಕ್ಕದಲ್ಲಿ ಯಾರು ತಾನೇ 700ರದ್ದು ಎತ್ತಿಕೊಳ್ತಾರೆ? ವಾರಕ್ಕೊಂದು ಅಂದರೆ ಅದು ದಿನಕ್ಕೆ ನೂರು ಪುಟ ಆಯ್ತು.

ಆ 700 ಪುಟದ ವಿಷಯಕ್ಕೇ ಬರ್ತಿದ್ದೀನಿ.

2012ರ ಕೊನೆ. ನೀನು ಹತ್ತನೇ ಕ್ಲಾಸು. 'ಮಲೆಗಳಲ್ಲಿ ಮದುಮಗಳು' ಓದ್ತಿದ್ದೆ. ನಮ್ಮ ಗ್ರಂಥಾಲಯದ್ದು, ಬೆನ್ನಿಗೆ ಕಂದು ಕ್ಯಾಲಿಕೋ ಬಟ್ಟೆ ಹಾಕಿಸಿದ್ದು. ವಿಜ್ಞಾನದ ಪುಸ್ತಕದ ಒಳಗೆ ಇಟ್ಟುಕೊಂಡು ಓದ್ತಿದ್ದೆ ಅಂತ ಎಲ್ಲರೂ ತಮಾಷೆ ಮಾಡ್ತಾರೆ, ಆದರೆ ಅಷ್ಟು ದಪ್ಪದ್ದನ್ನ ಯಾವ ಪುಸ್ತಕದೊಳಗೂ ಇಡೋಕಾಗಲ್ಲ. ರಾಜಾರೋಷವಾಗೇ ಓದ್ತಿದ್ದೆ. ನಾಯಿಗುತ್ತಿ, ಅವನ ನಾಯಿ ಹುಲಿಯ. ರಾತ್ರಿ ಊಟಕ್ಕೆ ಕೂತರೆ 'ಇವತ್ತು ಹುಲಿಯ ಏನು ಮಾಡ್ತು ಗೊತ್ತಾ' ಅಂತ ಶುರು ಮಾಡ್ತಿದ್ದೆ, ಅದು ನಮ್ಮ ಬೀದಿ ನಾಯಿಯೇನೋ ಅನ್ನೋ ಹಾಗೆ. ಆಗಲೇ ಅರ್ಧವಾರ್ಷಿಕದ ಗಣಿತದಲ್ಲಿ ನಿನಗೆ 41 ಬಂತು.

41. ನಿನಗದು ಮರೆತುಹೋಗಿರಬಹುದು. ನನಗೆ ಆ ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿ ಹೇಗೆ ಹರಡಿತ್ತು ಅನ್ನೋದೂ ನೆನಪಿದೆ. ನಮ್ಮೂರಲ್ಲಿ ಹತ್ತನೇದರಲ್ಲಿ ಡುಮ್ಕಿ ಹೊಡೆದ ಹುಡುಗೀರ ಕಥೆ ಏನಾಗುತ್ತೆ ಹೇಳು. ಬೇಸಿಗೆ ಕಳೆಯೋದರೊಳಗೆ ಲಗ್ನಪತ್ರಿಕೆ. ನನ್ನನ್ನ ನಮ್ಮಪ್ಪ ಪಿಯುಸಿ ಮೊದಲ ವರ್ಷದಲ್ಲಿ ಬಿಡಿಸಿದರು, ಮುಂದಿನದು ಎಲ್ಲಾ ನಿನಗೆ ಗೊತ್ತು. ನಿನ್ನ ಅತ್ತೆ ಆಗಲೇ ಅವರ ಕಡೆ ಒಬ್ಬ ಹುಡುಗನ ಹೆಸರು ಎರಡು ಸಲ ಎತ್ತಿದ್ದರು. ಶಾಲೆಯಲ್ಲಿ ಒಬ್ಬರು ನನ್ನ ಕರೆದು, 'ಲೈಬ್ರರಿಯವರ ಮಗಳು ಕಥೆ ಓದಿಯೇ ಕೆಟ್ಟಳು ಅಂತ ಆಗಬಾರದು' ಅಂದರು.

ಮಾರನೇ ದಿನ ನೀನು ಶಾಲೆಗೆ ಹೋದಾಗ ನಿನ್ನ ಹಾಸಿಗೆ ಪಕ್ಕದಿಂದ ಆ ಪುಸ್ತಕ ತಗೊಂಡೆ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಅಡುಗೆಮನೆಯ ರಾಗಿ ಡ್ರಮ್ಮಿನ ತಳದಲ್ಲಿ ಇಟ್ಟು, ಮೇಲೆ ರಾಗಿ ಸುರಿದೆ.

ನೀನು ಸಂಜೆ ಬಂದು ಕೇಳಿದೆ. ವಾಪಸ್ ಕೊಡೋ ತಾರೀಖು ಮುಗಿದಿತ್ತು, ತಗೊಂಡು ಹೋದೆ, ಬೇರೆ ಯಾರೋ ಎರವಲು ಒಯ್ದರು ಅಂದೆ ನಾನು. ಯಾರು ಅಂದೆ ನೀನು. 'ಪಕ್ಕದೂರಿನೋರು.' ಯಾವಾಗ ವಾಪಸ್ ಕೊಡ್ತಾರೆ ಅಂದೆ. 'ಹದಿನೈದು ದಿನ.' ನೀನು ಹೋಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಹದಿನೈದನೇ ದಿನ ಶಾಲೆಯಿಂದ ನೇರ ಗ್ರಂಥಾಲಯಕ್ಕೆ ಬಂದೆ, ಚೀಲ ಹೆಗಲಲ್ಲೇ ಇತ್ತು. ಇನ್ನೂ ಕೊಟ್ಟಿಲ್ಲ ಅಂದೆ ನಾನು. ನೀನು ಮತ್ತೆ ಮೂರು ದಿನ ಬಿಟ್ಟು ಬಂದೆ. ಮತ್ತೆ ಬಂದೆ. ಪ್ರತಿ ಸಲವೂ ಒಂದೇ ಪ್ರಶ್ನೆ, ಪುಸ್ತಕ ಬಂತಾ ಅಂತಲ್ಲ, 'ಹುಲಿಯ ಏನಾಯ್ತೋ ಅಮ್ಮಾ' ಅಂತ. ಫೆಬ್ರವರಿಯಲ್ಲಿ ಯಾವತ್ತೋ ಕೇಳೋದು ನಿಂತುಹೋಯ್ತು. ಯಾವ ದಿನ ನಿಂತಿತು ಅಂತ ನಾನು ಗಮನಿಸಲಿಲ್ಲ ನೋಡು. ಅದು ನನಗೆ ಇವತ್ತಿಗೂ ಸಹಿಸೋಕಾಗಲ್ಲ. ಕೆಂಪು ಶಾಯಿ ಹರಡಿದ್ದು ನೆನಪಿದೆ, ಇದು ನೆನಪಿಲ್ಲ.

ಇನ್ನೊಂದು ವಿಷಯ. ಹುಲಿಯ ಏನಾಯ್ತು ಅಂತ ನೀನು ಕೇಳ್ತಿದ್ದಾಗ ನನಗೂ ಗೊತ್ತಿರಲಿಲ್ಲ. ಗ್ರಂಥಾಲಯದ ಮೇಲ್ವಿಚಾರಕಿ, ಸಾವಿರಾರು ಪುಸ್ತಕಕ್ಕೆ ನಂಬರು ಬರೆದವಳು, ಅದರಲ್ಲಿ ಹತ್ತನ್ನೂ ಪೂರ್ತಿ ಓದಿರಲಿಲ್ಲ. ಬೀಸೋಕೆ ಅಂತ ರಾಗಿ ತೆಗೆಯುವಾಗೆಲ್ಲ ಪ್ಲಾಸ್ಟಿಕ್ಕು ಕೈಗೆ ಸಿಗ್ತಿತ್ತು. ಒಂದು ರಾತ್ರಿ ನೀವಿಬ್ಬರೂ ಮಲಗಿದ ಮೇಲೆ ಹೊರಗೆ ತೆಗೆದೆ. ಮೊದಲನೇ ಪುಟದಿಂದ ಶುರು ಮಾಡಿದೆ. ಒಲೆಯ ಮುಂದೆ, ಜೀರೋ ಕ್ಯಾಂಡಲ್ ಬಲ್ಬಿನಲ್ಲಿ, ದಿನಕ್ಕೆ ಆರೋ ಎಂಟೋ ಪುಟ. ಪುಟ 312ರಲ್ಲಿ ನಿನ್ನ ಗುರುತು ಸಿಕ್ಕಿತು. ತೆಂಗಿನ ಗರಿಯ ಒಂದು ಎಸಳು, ನೀನು ಇಟ್ಟಾಗ ಹಸಿರಿದ್ದಿರಬೇಕು, ಒಣಗಿ ಅಡಿಕೆ ಬಣ್ಣಕ್ಕೆ ತಿರುಗಿತ್ತು. ಎರಡೂ ಪುಟದ ಮೇಲೆ ಅದರ ಗೆರೆ ಮೂಡಿತ್ತು. ಅಲ್ಲಿಂದ ಮುಂದಕ್ಕೆ ಹೋಗೋಕೆ ನನಗೆ ನಾಲ್ಕು ದಿನ ಧೈರ್ಯ ಬರಲಿಲ್ಲ. ನಿನಗಿಂತ ಮುಂದೆ ಹೋಗ್ತಿದ್ದೀನಿ ಅನ್ನಿಸ್ತು, ನಿನ್ನ ತಟ್ಟೆಯಿಂದ ತಿಂದ ಹಾಗೆ.

ನಿನ್ನ ಪರೀಕ್ಷೆಗೆ ವಾರ ಇದ್ದಾಗ ನಾನು ಮುಗಿಸಿದೆ. ಹುಲಿಯನ ವಿಷಯ ನಾನು ಹೇಳಲ್ಲ. ಆವತ್ತೂ ಹೇಳಲಿಲ್ಲ, ಇವತ್ತೂ ಹೇಳಲ್ಲ.

ಆಮೇಲೆ ನಿನಗೆ ಶೇಕಡಾ 89 ಬಂತು. ಗಣಿತದಲ್ಲಿ 92. ನಾನು ಪೇಡ ಹಂಚಿದೆ, ಬಚ್ಚಿಟ್ಟದ್ದು ಸರಿಯೇ ಆಯ್ತು ಅಂದುಕೊಂಡೆ. ಈಗಲೂ ಒಂದೊಂದು ಸಲ ಹಾಗೆ ಅನ್ನಿಸುತ್ತೆ, ಸುಳ್ಳು ಯಾಕೆ ಹೇಳಲಿ. ಆ 89 ಇಲ್ಲದಿದ್ದರೆ ನೀನು ಬೆಂಗಳೂರಿನಲ್ಲಿ ಇರ್ತಿರಲಿಲ್ಲ. ಆದರೆ ರಜೆಯಲ್ಲಿ ನೀನು ಒಂದು ಪುಸ್ತಕವನ್ನೂ ಮುಟ್ಟಲಿಲ್ಲ. ಪಿಯುಸಿಯಲ್ಲಿ ಇಲ್ಲ, ಇಂಜಿನಿಯರಿಂಗಿನಲ್ಲಿ ಇಲ್ಲ. ಪುಸ್ತಕ ಹೊರಗೆ ತೆಗೆದು ಕೊಡೋಣ ಅಂದರೆ ಏನಂತ ಕೊಡೋದು? ಡ್ರಮ್ಮಿನಿಂದ ಟ್ರಂಕಿಗೆ ಹೋಯ್ತು. 2019ರಲ್ಲಿ ನಮ್ಮನ್ನ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವಹಿಸಿದಾಗ ಪುಸ್ತಕಗಳನ್ನೆಲ್ಲ ಎಣಿಸಬೇಕಾಯ್ತು. ಆಗ ತಂದು ಕಪಾಟಿನಲ್ಲಿ ಇಟ್ಟೆ. ಆರು ವರ್ಷ ಅದು ಎರವಲು ವಹಿಯಲ್ಲಿ ನಿಮ್ಮಪ್ಪನ ಹೆಸರಲ್ಲಿತ್ತು. ಪಾಪ, ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಕಪಾಟಿನ ಮೇಲೆ ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಫೋಟೋ ಇದೆಯಲ್ಲ, ಆಗಸ್ಟ್ 12ಕ್ಕೆ ಹಾರ ಹಾಕ್ತೀವಿ. 1931ರಲ್ಲಿ ಅವರು ಬರೆದ ಗ್ರಂಥಾಲಯದ ಐದು ಸೂತ್ರ ನಮಗೆ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಎರಡನೇದು, ಪ್ರತಿ ಓದುಗರಿಗೂ ಅವರ ಪುಸ್ತಕ. ಮೂರನೇದು, ಪ್ರತಿ ಪುಸ್ತಕಕ್ಕೂ ಅದರ ಓದುಗರು. ಒಂದೇ ಡ್ರಮ್ಮಿನಲ್ಲಿ ಎರಡನ್ನೂ ಹೂತೆ. ಊರೋರು ಕಂದಾಯದ ಜೊತೆ ಗ್ರಂಥಾಲಯಕ್ಕೆ ಅಂತ ನೂರಕ್ಕೆ 6 ರೂಪಾಯಿ ಕರ ಕಟ್ಟುತ್ತಾರೆ, ಅದು ಅವರ ಪುಸ್ತಕವೂ ಹೌದು. 2020ರಲ್ಲಿ ಹಳ್ಳಿ ಮಕ್ಕಳನ್ನ ಓದಿಗೆ ಹಚ್ಚೋ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ ಮನೆಮನೆಗೆ ಹೋಗಿ ಮಕ್ಕಳನ್ನ ಉಚಿತವಾಗಿ ಸದಸ್ಯರನ್ನಾಗಿ ಮಾಡಿಸಿದೆ. ಓದೋ ಮಕ್ಕಳನ್ನ ತಡೀಬೇಡಿ ಅಂತ ತಾಯಂದಿರಿಗೆ ಹೇಳಿದ್ದೇ ಹೇಳಿದ್ದು. ಒಬ್ಬಳು ತಿರುಗಿ ಕೇಳಿದಳು, 'ನಿಮ್ಮ ಮಗಳು ಏನು ಓದ್ತಾಳೆ ಅಕ್ಕ?' ಆಫೀಸ್ ಕೆಲಸ ಜಾಸ್ತಿ ಅಂದೆ.

ಹಾಗಾಗಿ ಈ ವರ್ಷ ನೀನು 52 ಅಂದಾಗ ಹಿಗ್ಗು ಎಷ್ಟಾಯ್ತೋ ಭಯವೂ ಅಷ್ಟೇ ಆಯ್ತು. ಉಣ್ಣುವಾಗ ತಟ್ಟೆ ಕಿತ್ತುಕೊಂಡರೆ ಮಗು ಮುಂದಿನ ಊಟ ಹೇಗೆ ಗಬಗಬ ತಿನ್ನುತ್ತೆ ನೋಡಿದ್ದೀಯ? ಹಬ್ಬದಲ್ಲಿ ನಿನ್ನ ಓದು ನನಗೆ ಹಾಗೆ ಕಾಣಿಸ್ತು. ಯಾರೋ ಬಂದು ಕಿತ್ತುಕೊಳ್ತಾರೆ, ಅಷ್ಟರಲ್ಲಿ ಮುಗಿಸಬೇಕು ಅನ್ನೋ ಹಾಗೆ. ಆ ಯಾರೋ ನಾನೇ. ಅದಕ್ಕೇ ಸಿಡುಕಿದ್ದು. ನೀನು ಹೀಗಲ್ಲ, ಗೆಳತಿಯರ ಜೊತೆ ಪಂಥ ಕಟ್ಟಿ ಮಜಾ ಮಾಡ್ತಿದ್ದೀಯ ಅಂದರೆ ನನ್ನಷ್ಟು ಸಂತೋಷ ಯಾರಿಗೂ ಇಲ್ಲ. ನನ್ನ ತಪ್ಪಿಗೆ ನಾನೇ ದೊಡ್ಡ ಬೆಲೆ ಕಟ್ಟಿಕೊಂಡೆ ಅಂತ ನಕ್ಕುಬಿಡು.

ಕ್ಷಮಿಸು ಅಂತ ಬರೆಯೋಕೆ ಕೂತಿದ್ದು. ಎರಡು ಸಲ ಬರೆದು ಹೊಡೆದುಹಾಕಿದೆ, ಸಿನಿಮಾ ಥರ ಕಾಣ್ತು.

ರಾತ್ರಿ ಒಂದು ಗಂಟೆವರೆಗೆ ಓದಬೇಡ. ಕಣ್ಣು ತೋರಿಸಿ ಎರಡು ವರ್ಷ ಆಯ್ತು. ಮೆಟ್ರೋ ಇಳಿದು ರಸ್ತೆ ದಾಟುವಾಗ ಕಿವಿಯಿಂದ ಅದನ್ನ ತೆಗಿ, ಕಥೆ ಎಲ್ಲಿಗೂ ಓಡಿಹೋಗಲ್ಲ, ಬಿಎಂಟಿಸಿ ಬಸ್ಸು ಓಡಿ ಬರುತ್ತೆ. ಹಿಡಿಸದ ಪುಸ್ತಕ ನಲವತ್ತು ಪುಟಕ್ಕೆ ಬಿಟ್ಟುಬಿಡು, ಅದನ್ನೂ ಓದಿದ್ದು ಅಂತಲೇ ಬರೆದುಕೋ, ಯಾರು ಕೇಳ್ತಾರೆ. ಪ್ರತಿಯೊಂದನ್ನೂ ಆನ್‌ಲೈನಿನಲ್ಲಿ ಕೊಳ್ಳಬೇಡ. ನಿನ್ನ ಪಿಜಿಗೆ ಹಂಪಿನಗರದ ಗ್ರಂಥಾಲಯ ನಡೆದು ಹೋಗೋ ದೂರ, ಕಾರ್ಡ್ ಮಾಡಿಸು. ಮಾಡಿಸಿದ್ದೀಯಾ? ಜನವರಿಯಲ್ಲೇ ಹೇಳಿದ್ದೆ. ಗ್ರಂಥಾಲಯದೋಳ ಮಗಳಿಗೆ ಗ್ರಂಥಾಲಯದ ಕಾರ್ಡ್ ಇಲ್ಲ ಅಂದರೆ ಜನ ಏನಂತಾರೆ. ಇರಲಿ, ಮತ್ತೆ ಶುರು ಮಾಡಿದೆ ನಾನು.

ಸೋಮವಾರ ನಿಮ್ಮಪ್ಪ ಅರಸೀಕೆರೆಯಿಂದ ರೈಲಿಗೆ ಬರ್ತಿದ್ದಾರೆ. ಅವರ ಕೈಲಿ ಎರಡು ಸೇರು ರಾಗಿ ಹಿಟ್ಟು, ಕೊಬ್ಬರಿ ಮಿಠಾಯಿ, ಮತ್ತೆ ಆ ಪುಸ್ತಕ ಕಳಿಸ್ತಿದ್ದೀನಿ. ಬೆನ್ನಿನ ಕ್ಯಾಲಿಕೋ ಬಿಟ್ಟಿದೆ, ಮೈದಾ ಅಂಟು ಹಾಕಿದ್ದೀನಿ. ಮೂಸಿ ನೋಡಿದರೆ ಈಗಲೂ ರಾಗಿ ವಾಸನೆ ಬರುತ್ತೆ. ಗರಿ 312ರಲ್ಲೇ ಇದೆ, ನಾನು ಕದಲಿಸಿಲ್ಲ. ಎರವಲು ವಹಿಯಲ್ಲಿ ಈ ಸಲ ನಿನ್ನ ಹೆಸರೇ ಬರೆದಿದ್ದೀನಿ, ಹದಿನೈದು ದಿನಕ್ಕೆ. ಹದಿನೈದು ದಿನ ಆದಮೇಲೆ ಫೋನ್ ಮಾಡಿ ಹೇಳಿದರೆ ಮತ್ತೆ ಹದಿನೈದು ದಿನ ಬರೀತೀನಿ, ಮತ್ತೆ ಮಾಡಿದರೆ ಮತ್ತೆ. ಫೋನ್ ಮಾತ್ರ ನನಗೇ ಮಾಡಬೇಕು, ನಿಮ್ಮಪ್ಪನಿಗಲ್ಲ.

ಮಿಠಾಯಿ ಹಾಕಿರೋ ಸ್ಟೀಲ್ ಡಬ್ಬಿ ಚಿಕ್ಕಮ್ಮನದು. ಮುಚ್ಚಳದ ಮೇಲೆ ಅವಳ ಹೆಸರು ಕೊರೆಸಿದೆ. ಅಪ್ಪನ ಕೈಲೇ ವಾಪಸ್ ಕಳಿಸು, ಇಲ್ಲಾಂದ್ರೆ ಅದಕ್ಕೊಂದು ರಾಮಾಯಣ.

ಅಮ್ಮ