ನಾಲ್ಕು ಲೀಟರ್ ನೀರಿನ ಮಾತು

ದಾವಣಗೆರೆ
ಭಾನುವಾರ ರಾತ್ರಿ

ಚಿರಂಜೀವಿ ಮಗಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ನೀನು ಬೆಂಗಳೂರಿನಿಂದ ಕಳುಹಿಸಿದ ಕರಾರು ಪತ್ರವನ್ನು ಮೂರು ಸಲ ಓದಿದೆ. ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಎಂಎಂಎಯಲ್ಲಿ ನಿನ್ನ ಮೊದಲ ವೃತ್ತಿಪರ ಪಂದ್ಯ, ಐದೈದು ನಿಮಿಷಗಳ ಮೂರು ಸುತ್ತು; ಸಂಭಾವನೆಯ ಅರ್ಧ ಪಂಜರಕ್ಕೆ ಇಳಿದದ್ದಕ್ಕೆ, ಉಳಿದರ್ಧ ಗೆದ್ದರೆ; ತೂಕ ಮೀರಿದರೆ ಶೇ. 20ರಷ್ಟು ಎದುರಾಳಿಗೆ. ಇವೆಲ್ಲ ನನಗೆ ಅರ್ಥವಾದವು. ಸಹಿ ಹಾಕಲು ಬುಧವಾರದವರೆಗೆ ಸಮಯವಿದೆ ಎಂದೆಯಲ್ಲ, ಆದ್ದರಿಂದ ಫೋನಿನಲ್ಲಿ ಅರೆಬರೆ ಮಾತನಾಡುವ ಬದಲು ಕುಳಿತು ಬರೆಯುತ್ತಿದ್ದೇನೆ. ನನ್ನ ಆಕ್ಷೇಪ ಪಂದ್ಯದ ಬಗ್ಗೆ ಅಲ್ಲ. ಎರಡು ವರ್ಷ ನಾನು ನಿನ್ನೊಡನೆ ಜಗಳವಾಡಿದ್ದೆಲ್ಲ ಮುಗಿದ ಮಾತು, ಅದನ್ನು ಮತ್ತೆ ತೆಗೆಯುವುದಿಲ್ಲ. ಕರಾರಿನ ಎರಡನೆಯ ಪುಟದಲ್ಲಿರುವ, ನಿನ್ನ ತೂಕ 52.2 ಕಿಲೋ ಮೀರಬಾರದು ಎಂಬ ಒಂದೇ ಒಂದು ಅಂಕಿಯ ಬಗ್ಗೆ ನನ್ನ ತಕರಾರು.

ಯುಗಾದಿಗೆ ಬಂದಾಗ ನೀನು ನಮ್ಮ ಮನೆಯ ತೂಕದ ಯಂತ್ರದ ಮೇಲೆ 60 ಕಿಲೋ ಇದ್ದೆ. ಎಂಟು ವಾರ ಊಟ ಕಡಿಮೆ ಮಾಡಿ ಐವತ್ತಾರೂವರೆಗೆ ಇಳಿಯುತ್ತೇನೆ, ಉಳಿದ ನಾಲ್ಕು ಚಿಲ್ಲರೆ ಕಿಲೋವನ್ನು ಕೊನೆಯ ಐದು ದಿನಗಳಲ್ಲಿ ನೀರಿನಿಂದ ತೆಗೆಯುತ್ತೇವೆ ಎಂದು ನೀನು ಅಷ್ಟು ಸಲೀಸಾಗಿ ಹೇಳಿದಾಗ ನನ್ನ ಕೈಯಲ್ಲಿದ್ದ ಲೋಟ ಹಾಗೆಯೇ ಉಳಿಯಿತು. ಮೊದಲ ದಿನಗಳಲ್ಲಿ ದಿನಕ್ಕೆ ಎಂಟು ಲೀಟರ್ ನೀರು ಕುಡಿಯುವುದು, ಆಮೇಲೆ ಉಪ್ಪು ಬಿಡುವುದು, ನೀರನ್ನು ಗುಟುಕಿಗೆ ಇಳಿಸುವುದು, ಕೊನೆಯ ರಾತ್ರಿ ಬಿಸಿನೀರಿನ ತೊಟ್ಟಿಯಲ್ಲಿ ಕುಳಿತು ಮೈಯೊಳಗಿನ ಕೊನೆಯ ಬೆವರನ್ನೂ ಹಿಂಡುವುದು. ಈ ಆಟದಲ್ಲಿ ಎಲ್ಲರೂ ಮಾಡುತ್ತಾರೆ ಎಂದೆ. ಹೆಚ್ಚಿನವರು ಮಾಡುತ್ತಾರೆ ಎಂಬುದು ನಿಜ, ನಾನೂ ಓದಿ ತಿಳಿದುಕೊಂಡಿದ್ದೇನೆ.

ಆದರೆ ನಿನ್ನ ತಾಯಿ ಇಪ್ಪತ್ತಾರು ವರ್ಷ ನರ್ಸ್ ಆಗಿ, ಅದರಲ್ಲಿ ಹನ್ನೊಂದು ವರ್ಷ ಡಯಾಲಿಸಿಸ್ ವಿಭಾಗದಲ್ಲಿ ದುಡಿದವಳು. ನೀರಿನ ಲೆಕ್ಕವೇ ನನ್ನ ಕಸುಬು. ಪಾಳಿ ಶುರುವಾದೊಡನೆ ರೋಗಿಯ ತೂಕ ನೋಡುತ್ತೇನೆ, ಮುಗಿದ ಮೇಲೆ ಮತ್ತೆ ನೋಡುತ್ತೇನೆ; ನಡುವಿನ ವ್ಯತ್ಯಾಸವೆಲ್ಲ ನೀರು. ಯಂತ್ರ ನಾಲ್ಕು ಗಂಟೆಯಲ್ಲಿ ಸಾಮಾನ್ಯವಾಗಿ ಎರಡು-ಮೂರು ಲೀಟರ್ ತೆಗೆಯುತ್ತದೆ, ಅದೂ ಮೈಯಲ್ಲಿ ಬೇಡದೆ ತುಂಬಿಕೊಂಡಿದ್ದ ನೀರು. ಅಷ್ಟಕ್ಕೇ ರೋಗಿಯ ಮೀನಖಂಡ ಹಿಡಿದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುತ್ತದೆ. ಆ ದಿನ ಅವರು ಮನೆಗೆ ಹೋಗಿ ಮಲಗುತ್ತಾರೆ. ನೀನು ಬೇಕಾದ ನೀರನ್ನೇ ನಾಲ್ಕು ಲೀಟರ್ ಕಳೆದುಕೊಂಡು, ಮರುದಿನ ಸಂಜೆ ಮತ್ತೊಬ್ಬಳ ಒದೆತಗಳಿಗೆ ತಲೆಯೊಡ್ಡುತ್ತೇನೆ ಎನ್ನುತ್ತಿದ್ದೀಯ. ಐವತ್ತಾರೂವರೆ ಕಿಲೋದಲ್ಲಿ ನಾಲ್ಕು ಎಂದರೆ ನೂರಕ್ಕೆ ಏಳು ಭಾಗ. ವಾಂತಿಭೇದಿಯಲ್ಲಿ ಇಷ್ಟು ನೀರು ಕಳೆದುಕೊಂಡು ಬಂದವರನ್ನು ನಾವು ಕೂಡಲೇ ಮಲಗಿಸಿ ಆರೈಕೆ ಆರಂಭಿಸುತ್ತೇವೆ. ನೀರು ಕಡಿಮೆಯಾದ ರಕ್ತ ದಪ್ಪಗಾಗುತ್ತದೆ, ಹೃದಯ ಜೋರಾಗಿ ಬಡಿಯಬೇಕಾಗುತ್ತದೆ. ಅದರ ಜೊತೆಗೆ ಕಠಿಣ ವ್ಯಾಯಾಮದಿಂದ ಒಡೆದ ಸ್ನಾಯುವಿನ ಅಂಶಗಳು ರಕ್ತಕ್ಕೆ ಸೇರಿದರೆ ಅವನ್ನು ಸೋಸಬೇಕಾದ ಮೂತ್ರಪಿಂಡಗಳೇ ಮೊದಲು ಸೋಲುತ್ತವೆ. ನಮ್ಮ ವಿಭಾಗದ ಹಾಸಿಗೆಗಳಲ್ಲಿ ನಿನ್ನ ವಯಸ್ಸಿನವರೂ ಇದ್ದಾರೆ. ಅವರ ಕಾರಣಗಳು ಬೇರೆ, ಹಾಸಿಗೆ ಮಾತ್ರ ಅದೇ.

ನಾನು ಹೆದರಿಸಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಚೀನಾದ ಯಾಂಗ್ ಜಿಯಾನ್ ಬಿಂಗ್ ಎಂಬ 21 ವರ್ಷದ ಹುಡುಗ ಪಂದ್ಯಕ್ಕೆ ತೂಕ ಇಳಿಸುವಾಗಲೇ ತೀರಿಕೊಂಡ. ಎದುರಾಳಿ ಅವನನ್ನು ಮುಟ್ಟಿಯೂ ಇರಲಿಲ್ಲ. ಅದಾದ ಮೇಲೆ ಆ ಪಂದ್ಯ ನಡೆಸುವ ಒನ್ ಚಾಂಪಿಯನ್‌ಷಿಪ್ ಸಂಸ್ಥೆ ನೀರು ತೆಗೆದು ತೂಕ ಇಳಿಸುವುದನ್ನೇ ನಿಷೇಧಿಸಿತು. ಈಗ ಅಲ್ಲಿ ತೂಕದ ಜೊತೆಗೆ, ಮೈಯಲ್ಲಿ ನೀರು ಕಡಿಮೆಯಾದಷ್ಟೂ ಏರುವ ಮೂತ್ರದ ಸಾಂದ್ರತೆಯನ್ನೂ ಅಳೆಯುತ್ತಾರೆ, ಅದು 1.025 ಮೀರಿದರೆ ತೂಕ ಸರಿಯಿದ್ದರೂ ಒಪ್ಪುವುದಿಲ್ಲ. ಈ ಪರೀಕ್ಷೆಯನ್ನು ನಾನು ವಾರ್ಡಿನಲ್ಲಿ ಎಷ್ಟು ಸಾವಿರ ಸಲ ಮಾಡಿದ್ದೇನೋ! ಒಂದು ಹನಿ ಸಾಕು. ನೀನು ಸಹಿ ಹಾಕಲಿರುವ ಕರಾರಿನಲ್ಲಿ ಇಂಥ ಪರೀಕ್ಷೆಯ ಒಂದು ಸಾಲೂ ಇಲ್ಲ, ಹುಡುಕಿ ನೋಡಿದೆ.

ಕುಸ್ತಿಪಟು ವಿನೇಶ್ ಫೋಗಟ್ ಅವರ ಸಂಗತಿಯನ್ನು ನಾವಿಬ್ಬರೂ ಒಟ್ಟಿಗೆ ಕುಳಿತು ಟಿವಿಯಲ್ಲಿ ನೋಡಿದೆವು. 53 ಕಿಲೋದಲ್ಲಿ ಸೆಣಸುತ್ತಿದ್ದ ಹೆಣ್ಣುಮಗಳು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50ಕ್ಕೆ ಇಳಿದು ಫೈನಲ್ ತಲುಪಿದರು. 2024ರ ಆಗಸ್ಟ್ 7ರ ಬೆಳಿಗ್ಗೆ ತಕ್ಕಡಿ 100 ಗ್ರಾಂ ಹೆಚ್ಚು ತೋರಿಸಿತು. ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿಯೂ ಆ 100 ಗ್ರಾಂ ಹೋಗಲಿಲ್ಲ; ಪದಕವೂ ಇಲ್ಲ, ಮೇಲೆ ನಿರ್ಜಲೀಕರಣಕ್ಕೆ ಚಿಕಿತ್ಸೆ. ಆ ದಿನ ನೀನು ಊಟ ಮಾಡದೆ ಅತ್ತೆ. ನನಗೆ ಅಂದಿನಿಂದಲೂ ಕಾಡುವುದು ಆ ರಾತ್ರಿ.

ನಿನ್ನ ಅಜ್ಜ ಮಿಲ್ಲಿನಲ್ಲಿ ಪಾಳಿ ಮುಗಿಸಿ ನೇರ ಗರಡಿಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ; ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿ ನಿಲ್ಲುವುದಷ್ಟೇ ನನ್ನ ಪಾಲಿಗಿತ್ತು. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಆಗ ತೂಕ ನೋಡುತ್ತಿರಲಿಲ್ಲ. ಹಿರಿಯರು ಇಬ್ಬರು ಹುಡುಗರನ್ನು ಅಕ್ಕಪಕ್ಕ ನಿಲ್ಲಿಸಿ, ಹೆಗಲು ಮುಟ್ಟಿ, ತೋಳು ಹಿಡಿದು ನೋಡಿ ಜೋಡಿ ಕಟ್ಟುತ್ತಿದ್ದರು. ಕಣ್ಣಳತೆಯಲ್ಲಿ ತಪ್ಪುಗಳಾಗುತ್ತಿದ್ದವು, ಅಂಥ ಒಂದು ತಪ್ಪಿನ ಜೋಡಿಯಲ್ಲೇ ಅಜ್ಜನ ಬಲ ಭುಜ ಕಳಚಿತು, ಕೊನೆಯವರೆಗೂ ಆ ಕೈ ಕಿವಿಯ ಮೇಲಕ್ಕೆ ಏಳಲಿಲ್ಲ. ಆದ್ದರಿಂದ ತಕ್ಕಡಿಯನ್ನು ನಾನು ಹಗುರವಾಗಿ ಕಾಣುವವಳಲ್ಲ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿ ಎಂಬ ದೊಡ್ಡ ಎಂಎಂಎ ಸಂಸ್ಥೆಯ ಮೊದಲ ಪಂದ್ಯಾವಳಿ ನಡೆದಾಗ ತೂಕದ ವಿಭಾಗಗಳೇ ಇರಲಿಲ್ಲ, ಅವೆಲ್ಲ ಆಮೇಲೆ ಬಂದವು ಎಂದು ನೀನೇ ನನಗೆ ಕಲಿಸಿದ್ದೆ. ಸಮಾನರು ಸಮಾನರೊಡನೆ ಸೆಣಸಲಿ ಎಂದು ಬಂದ ತಕ್ಕಡಿಯ ಮೇಲೆ ಇಂದು ಹೆಚ್ಚಿನವರು ಪಂದ್ಯದ ಹಿಂದಿನ ದಿನ ಒಣಗಿ ನಿಂತು, ರಾತ್ರಿ ಬೆಳಗಾಗುವುದರೊಳಗೆ ಉಬ್ಬಿ ಬರುತ್ತಾರೆ. ಅಜ್ಜನ ಉಸ್ತಾದರು ಮುಟ್ಟಿ ನೋಡಿದ ಮೈ ಮರುಗಳಿಗೆ ಮಣ್ಣಿಗಿಳಿಯುವ ಮೈಯೇ ಆಗಿರುತ್ತಿತ್ತು.

ಇನ್ನೊಂದು ಮಾತು ನನಗೆ ನೋವು ತಂದಿದೆ, ಮುಚ್ಚಿಡುವುದಿಲ್ಲ. ತೂಕ ನೋಡಿದ ಮೇಲೆ ಡ್ರಿಪ್ ಹಾಕಲು ಅಮ್ಮನೇ ಬರಬಹುದಲ್ಲ ಎಂದು ನಿನ್ನ ಕೋಚ್ ಕೇಳಿದರು ಎಂದೆ. ಆಸ್ಪತ್ರೆಯ ಚಿಕಿತ್ಸೆಯ ಹೊರತು 12 ಗಂಟೆಯಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ದ್ರವವನ್ನು ನರಕ್ಕೆ ಏರಿಸುವುದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಯಮದಂತೆ ನಿಷಿದ್ಧ. ಒಂದು ಬಾಟಲಿಯಲ್ಲೇ 500 ಇರುತ್ತದೆ. ನಿಯಮ ಇರದಿದ್ದರೂ ನಾನು ಬರುತ್ತಿರಲಿಲ್ಲ. ಎಷ್ಟೋ ಮಂದಿಯ ಕೈಗೆ ಸೂಜಿ ಚುಚ್ಚಿದ್ದೇನೆ, ಬೇಕೆಂದೇ ಬಾಡಿಸಿದ ನನ್ನ ಮಗಳ ಕೈಗೆ ಹೋಟೆಲಿನ ಕೋಣೆಯಲ್ಲಿ ಚುಚ್ಚಲಾರೆ.

ಹಾಗಾದರೆ ಏನು ಮಾಡಬೇಕು ಎಂದು ನೀನು ಕೇಳುತ್ತೀಯ. ಮೇಲಿನ ತೂಕದ ವಿಭಾಗವಾದ 56.7 ಕಿಲೋದಲ್ಲಿ ಆಡು. ಅಲ್ಲಿನವರು ನಿನಗಿಂತ ಎತ್ತರ, ಅವರ ಕೈ ಉದ್ದ, ಮೊದಲ ಪಂದ್ಯ ಸೋಲಬಹುದು ಎಂಬುದನ್ನು ನಾನು ಬಲ್ಲೆ. ಪೂಜಾ ತೋಮರ್ 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಗೆದ್ದು, ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದದ್ದು 52.2ರಲ್ಲೇ, ಆದ್ದರಿಂದ ನಿನ್ನ ಕಣ್ಣು ಆ ಅಂಕಿಯ ಮೇಲೆ ನೆಟ್ಟಿರುವುದೂ ಗೊತ್ತು. ಆದರೆ ಅದು ಅವರ ಮೈಗೆ ಒಪ್ಪಿದ ತೂಕ. ಕುಸ್ತಿಯಲ್ಲಿ 48 ಕಿಲೋದಲ್ಲಿದ್ದ ರಿತು ಫೋಗಟ್ 2019ರಲ್ಲಿ ಎಂಎಂಎಗೆ ಬಂದಾಗ 52.2ಕ್ಕೆ ಏರಿದರು. ಆಸ್ಟ್ರೇಲಿಯಾದ ರಾಬರ್ಟ್ ವಿಟೇಕರ್ 77 ಕಿಲೋ ಬಿಟ್ಟು 84ಕ್ಕೆ ಏರಿದ ಮೇಲೆಯೇ 2017ರಲ್ಲಿ ಯುಎಫ್‌ಸಿ ಚಾಂಪಿಯನ್ ಆದರು. ನಿನ್ನ ಗೋಡೆಯ ಮೇಲಿರುವ ರೊಂಡಾ ರೌಸಿ ಯುಎಫ್‌ಸಿಯಲ್ಲಿ ಸೆಣಸಿದ್ದು 2013ರಿಂದ 2016ರವರೆಗೆ, ನಾಲ್ಕು ವರ್ಷವೂ ತುಂಬಲಿಲ್ಲ. ತಲೆಗೆ ಬಿದ್ದ ಪೆಟ್ಟುಗಳನ್ನು ಮುಚ್ಚಿಟ್ಟುಕೊಂಡೇ ಆಡುತ್ತಿದ್ದೆ ಎಂದು ಅವರು ಬಾಯಿಬಿಟ್ಟದ್ದು 2024ರಲ್ಲಿ. ಇಷ್ಟು ಗಿಡ್ಡ ವೃತ್ತಿಯಲ್ಲಿ ಪ್ರತಿ ಪಂದ್ಯಕ್ಕೂ ಒಂದು ಸಲ ನೀನೇ ನಿನ್ನನ್ನು ಸೋಲಿಸಿಕೊಂಡು ಪಂಜರಕ್ಕೆ ಹೋಗುವುದು ಬೇಡ.

ಪೋಸ್ಟರಿನಲ್ಲಿ ನಿನ್ನ ಹೆಸರಿನ ಜೊತೆ 'ಓಬವ್ವ' ಎಂದು ಹಾಕುತ್ತಾರಂತೆ. ಹಾಕಲಿ, ನನಗೆ ಸಂತೋಷವೇ. ಚಿತ್ರದುರ್ಗದ ಕೋಟೆಗೆ ಹೋದಾಗ ಕಿಂಡಿಯ ಮುಂದೆ ನಿಂತು ಒನಕೆ ಎಷ್ಟು ಭಾರವಿತ್ತು ಎಂದು ಏಳು ವರ್ಷದ ನೀನು ಕೇಳಿದ್ದು ನೆನಪಿದೆಯೇ? ಆಕೆ ದಿನವೂ ಕುಟ್ಟಿ, ಉಂಡು, ನೀರು ಹೊತ್ತು ಗಟ್ಟಿಯಾದ ತೋಳಿನಿಂದ ಅದನ್ನು ಎತ್ತಿದಳು.

ಮಂಗಳವಾರ ನನಗೆ ರಾತ್ರಿ ಪಾಳಿ ಇಲ್ಲ. ಒಂಬತ್ತು ಗಂಟೆಯ ನಂತರ ಫೋನ್ ಮಾಡು, ಕೋಚ್ ಕೂಡ ಪಕ್ಕದಲ್ಲಿರಲಿ, ಈ ಲೆಕ್ಕವನ್ನು ಅವರಿಗೂ ವಿವರಿಸುತ್ತೇನೆ. ಅದಕ್ಕೆ ಮುಂಚೆ, ಮೂತ್ರಪಿಂಡಗಳ ಸ್ಥಿತಿ ತಿಳಿಯಲು, ರಕ್ತದ ಕ್ರಿಯೇಟಿನಿನ್ ಮತ್ತು ಪೊಟ್ಯಾಸಿಯಮ್ ಪರೀಕ್ಷೆ ಮಾಡಿಸಿ ವರದಿ ಕಳುಹಿಸು. ತೂಕ ಯಾವುದೇ ಆಗಲಿ, ಪಂದ್ಯಕ್ಕೆ ನಾನು ಬರುತ್ತೇನೆ, ರಜೆಗೆ ಈಗಾಗಲೇ ಬರೆದುಕೊಟ್ಟಿದ್ದೇನೆ. ಬರುವಾಗ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತೇನೆ.

ನಿನ್ನ ಅಮ್ಮ