ಅಂಕಪಟ್ಟಿಗಿಂತ ಮೊದಲು ಉತ್ತರ ಪತ್ರಿಕೆ ಮನೆಗೆ ಬರಲಿ

ಮಾನ್ಯ ಸಂಪಾದಕರೇ,

ದಸರಾ ರಜೆ ಮುಗಿದು ಶಾಲೆಗಳು ತೆರೆದಿವೆ. ಮೊದಲ ಸಂಕಲನಾತ್ಮಕ (ಅರ್ಧವಾರ್ಷಿಕ) ಪರೀಕ್ಷೆಯ ಅಂಕಪಟ್ಟಿಗಳು ಮನೆಗಳಿಗೆ ಬರುತ್ತಿವೆ. ಎಂಟನೇ ತರಗತಿಯ ನನ್ನ ಮಗಳು ತನ್ನದನ್ನು ಎರಡು ದಿನ ಚೀಲದಲ್ಲೇ ಇಟ್ಟುಕೊಂಡಿದ್ದು, ಶಾಲೆಯ ವ್ಯಾನು ಬಾಗಿಲಲ್ಲಿ ನಿಂತು ಹಾರ್ನ್ ಮಾಡುವ ಹೊತ್ತಿಗೆ ಸರಿಯಾಗಿ ಮುಂದೆ ಹಿಡಿದು, "ಅಪ್ಪಾ, ಬೇಗ ಸೈನ್ ಹಾಕು" ಎಂದಳು. ಗಣಿತದ ಅಂಕ ಕಂಡು ನಾನು ಕೇಳಿದ ಮೊದಲ ಪ್ರಶ್ನೆ, "ಕ್ಲಾಸಿಗೆ ಫಸ್ಟ್ ಯಾರು?" ಅವಳು ಮಾತಾಡದೆ ವ್ಯಾನು ಹತ್ತಿದಳು. ಅದು ತಿಳಿದು ನನಗೇನಾಗಬೇಕಿತ್ತೋ, ಇವತ್ತಿಗೂ ಗೊತ್ತಿಲ್ಲ.

ಆ ವಾರದ ಪೋಷಕರ ಸಭೆಯಲ್ಲಿ ಗಣಿತದ ಉತ್ತರ ಪತ್ರಿಕೆಯನ್ನು ಕೇಳಿ ಪಡೆದು, ರಾತ್ರಿ ಇಬ್ಬರೂ ಕೂತು ನೋಡಿದೆವು. ಬೀಜೋಕ್ತಿಗಳ ನಾಲ್ಕು ಲೆಕ್ಕಗಳ ಪೈಕಿ ಮೂರರಲ್ಲಿ ವಿಧಾನ ಸರಿಯಾಗಿಯೇ ಇತ್ತು. ಆವರಣ ಬಿಡಿಸುವಾಗ ಹೊರಗಿನ ಮೈನಸ್ಸನ್ನು ಮೊದಲ ಪದಕ್ಕೆ ಹಚ್ಚಿ ಎರಡನೆಯದಕ್ಕೆ ಮರೆತಿದ್ದಳು. ಚತುರ್ಭುಜ ರಚಿಸುವ ಪ್ರಶ್ನೆಯನ್ನಂತೂ ಮುಟ್ಟಿಯೇ ಇರಲಿಲ್ಲ. ವಿಚಾರಿಸಿದರೆ, ಜ್ವರ ಬಂದು ಮಲಗಿದ್ದ ವಾರ ಆ ಪಾಠ ಮುಗಿದಿತ್ತು, ಮತ್ತೆ ಕೇಳಲು ಸಂಕೋಚವಾಯಿತು ಎಂದಳು. ಮೊದಲನೆಯದಕ್ಕೆ ಒಂದಿಷ್ಟು ಅಭ್ಯಾಸ ಸಾಕು, ಎರಡನೆಯದನ್ನು ಕೈವಾರ ಹಿಡಿದು ಮೊದಲಿನಿಂದ ಕಲಿಸಬೇಕು. ಅಂಕಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ಸಂಖ್ಯೆಯೊಳಗೆ ಕರಗಿಹೋಗಿದ್ದವು. "ಇನ್ನೂ ಚೆನ್ನಾಗಿ ಓದು" ಎಂಬ ನಮ್ಮ ಮಾಮೂಲಿ ಬುದ್ಧಿಮಾತಿನಿಂದ ಎರಡೂ ಸರಿಹೋಗುತ್ತಿರಲಿಲ್ಲ.

ಎಸ್‌ಎಸ್‌ಎಲ್‌ಸಿ ಮಟ್ಟದಲ್ಲಿ 2023–24ನೇ ಸಾಲಿನಿಂದ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿದ್ದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಲು ಅವಕಾಶವಿದೆ. ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ಪ್ರತಿಯೂ ಸಿಗುತ್ತದೆ. ಆದರೆ ತಪ್ಪು ತಿದ್ದಿಕೊಳ್ಳಲು ಇನ್ನೂ ಕಾಲವಿರುವ ಕೆಳಗಿನ ತರಗತಿಗಳಲ್ಲಿ, ನಮ್ಮ ಶಾಲೆಯೂ ಸೇರಿದಂತೆ ಹಲವೆಡೆ, ಪತ್ರಿಕೆಗಳನ್ನು ಒಂದು ಪೀರಿಯಡ್ ತೋರಿಸಿ ಮತ್ತೆ ಕಟ್ಟಿಡುತ್ತಾರೆ.

ಅಂಕಪಟ್ಟಿಗೆ ಸಹಿ ಕೇಳುವ ಮುನ್ನ ಉತ್ತರ ಪತ್ರಿಕೆಗಳನ್ನು ಎರಡು ದಿನವಾದರೂ, ಅದರಲ್ಲೂ ಶನಿವಾರ ಭಾನುವಾರಕ್ಕೆ ಹೊಂದಿಸಿ, ಮನೆಗೆ ಕಳುಹಿಸಬೇಕೆಂದು ಶಾಲೆಗಳಲ್ಲಿ ನನ್ನ ವಿನಂತಿ. ಕಳೆದುಹೋಗುವ ಭಯವಿದ್ದರೆ ಪೋಷಕರಿಂದ ಬರೆಸಿಕೊಳ್ಳಲಿ. ಸಭೆಯಲ್ಲಿ ಎಲ್ಲರೆದುರು ಅಂಕಗಳನ್ನು ಗಟ್ಟಿಯಾಗಿ ಓದುವ ಪದ್ಧತಿಯೂ ನಿಲ್ಲಲಿ. ಅಂಕಪಟ್ಟಿಯ ಫೋಟೊ ತೆಗೆದು ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ನಾವು ಪೋಷಕರೇನೂ ಕಡಿಮೆಯವರಲ್ಲ ಎಂಬುದನ್ನೂ ಒಪ್ಪುತ್ತೇನೆ. ಮುಂದಿನ ರೂಪಣಾತ್ಮಕ (ನಡುನಡುವಿನ ಕಿರು) ಪರೀಕ್ಷೆಯಿಂದಲೇ ಇದನ್ನು ಆರಂಭಿಸಬಹುದು. ಇದಕ್ಕೆ ಯಾವ ಸುತ್ತೋಲೆಯನ್ನೂ ಕಾಯಬೇಕಿಲ್ಲ.

– ಒಬ್ಬ ಪೋಷಕ, ಶಿವಮೊಗ್ಗ